ಊಟದ ಬಿಡುವು ಹದ್ದಿನ ಹೊತ್ತು

ಪ್ರಶ್ನೆ: ವಾರಕ್ಕೆ ಆರು ದಿನ ಕಚೇರಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ವಾಪಸಾಗುವುದು ರಾತ್ರಿ ಎಂಟಕ್ಕೆ. ಹಕ್ಕಿ ನೋಡುವ ಹುಚ್ಚು ಹತ್ತಿ ಎರಡು ವರ್ಷವಾಯಿತು. ಆಸೆಪಟ್ಟು ಕೊಂಡ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ) ಬೈನಾಕ್ಯುಲರ್ ಬೀರುವಿನಲ್ಲೇ ಕೂತಿದೆ. ಭಾನುವಾರ ಮನೆಕೆಲಸಕ್ಕೇ ಸಾಲದು. ಏಳನೇ ಮಹಡಿಯ ಕಿಟಕಿಯಾಚೆ ಏನಾದರೂ ಹಾರಿಹೋದರೆ ಆಮೇಲೆ ಅರ್ಧ ಗಂಟೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಕೆಲಸ ಬಿಡಬೇಕೇ, ನಿವೃತ್ತಿಯವರೆಗೆ ಕಾಯಬೇಕೇ, ಅಥವಾ ಬೇರೆ ದಾರಿ ಇದೆಯೇ?

ಉತ್ತರ: ಕೆಲಸ ಬಿಡುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಹಕ್ಕಿ ನೋಡುವುದನ್ನು ಪ್ರಯಾಣದಲ್ಲಿ ಅಳೆಯುತ್ತಿದ್ದೀರಿ: ಎಷ್ಟು ದೂರ ಹೋದೆ, ಯಾವ ಕಾಡು, ಎಷ್ಟು ಹೊಸ ಹಕ್ಕಿ. ಹಾಗೆ ಅಳೆದರೆ ಕಚೇರಿಗೆ ಹೋಗುವ ಯಾರಿಗೂ ಪುರಸೊತ್ತು ಸಿಗುವುದಿಲ್ಲ. ಹಕ್ಕಿಗಳಿಗಾದರೋ ತಮ್ಮದೇ ವೇಳಾಪಟ್ಟಿ ಇದೆ. ಅದರ ಮೂರು ಒಳ್ಳೆಯ ಹೊತ್ತುಗಳು ನಿಮ್ಮ ದಿನಕ್ಕೆ ತಾಗಿಕೊಂಡೇ ಇವೆ: ನೀವು ಮನೆ ಬಿಡುವ ಮುಂಚಿನ ಗಂಟೆ, ಊಟದ ಬಿಡುವು, ಸಂಜೆ ಬೆಳಕು ಇಳಿಯುವ ಸಮಯ. ಜೊತೆಗೆ ಕಚೇರಿ ನಿಮಗೆ ಇನ್ನೊಂದನ್ನು ಪುಕ್ಕಟೆಯಾಗಿ ಕೊಟ್ಟಿದೆ. ವರ್ಷವಿಡೀ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಲ್ಲಿಸುವ ಕಟ್ಟುಪಾಡು. ಊರೂರು ಅಲೆಯುವ ವೀಕ್ಷಕರಿಗೆ ಇದು ಬೇಕೆಂದರೂ ಸಿಗದು.

ಊಟದ ಬಿಡುವಿನಿಂದಲೇ ಶುರುಮಾಡೋಣ. ಮಧ್ಯಾಹ್ನ ಹಕ್ಕಿಗಳಿರುವುದಿಲ್ಲ ಎಂದು ಎಲ್ಲರೂ ತಳ್ಳಿಹಾಕುವ ಹೊತ್ತು ಅದು. ಪೊದೆಯಲ್ಲಿ ಕುಪ್ಪಳಿಸುವ ಸಣ್ಣ ಹಕ್ಕಿಗಳ ಮಟ್ಟಿಗೆ ಆ ಮಾತು ನಿಜ. ಅಗಲ ರೆಕ್ಕೆಯ ದೊಡ್ಡ ಹಕ್ಕಿಗಳ ವಿಷಯದಲ್ಲಿ ಪೂರ್ತಿ ತಿರುಗುಮುರುಗು. ಬಿಸಿಲಿಗೆ ಕಾಂಕ್ರೀಟು, ಡಾಂಬರು, ಬಯಲು ಕಾದಾಗ ಅವುಗಳ ಮೇಲಿನ ಗಾಳಿ ಬಿಸಿಯಾಗಿ ಗುಳ್ಳೆಯಂತೆ ಮೇಲೇಳುತ್ತದೆ. ಹದ್ದು, ಗರುಡ, ರಣಹದ್ದು, ಕೊಕ್ಕರೆಗಳು ಆ ಗಾಳಿಕಂಬದೊಳಗೆ ಸುತ್ತು ಹಾಕುತ್ತ, ರೆಕ್ಕೆ ಬಡಿಯದೆಯೇ ನೂರಾರು ಮೀಟರ್ ಏರುತ್ತವೆ. ಬೆಳಿಗ್ಗೆ ನೆಲ ಕಾದಿರುವುದಿಲ್ಲ, ಆಗ ಹಾರಬೇಕಾದರೆ ರೆಕ್ಕೆ ಬಡಿಯಲೇಬೇಕು. ಅದು ದುಬಾರಿ ಕೆಲಸವಾದ್ದರಿಂದ ಈ ಭಾರೀ ಹಕ್ಕಿಗಳು ಬಿಸಿಲೇರುವವರೆಗೂ ಕೂತೇ ಇರುತ್ತವೆ. ಸುಮಾರು ಹತ್ತರಿಂದ ಮೂರರವರೆಗೆ ಅವುಗಳ ಕಾಲ, ನಿಮ್ಮ ಊಟದ ಬಿಡುವು ಬೀಳುವುದು ಸರಿಯಾಗಿ ಅದರ ನಡುಮಧ್ಯಕ್ಕೆ. ಮೋಡ ಮುಚ್ಚಿದ ದಿನ, ಜಡಿಮಳೆಯ ದಿನ ಆಕಾಶ ಖಾಲಿ ಕಂಡರೆ ಬೇಸರ ಬೇಡ. ಅಂದು ಗಾಳಿಕಂಬವೇ ಎದ್ದಿಲ್ಲ.

ಊಟ ಮುಗಿಸಿ ಹತ್ತು ನಿಮಿಷ ತಾರಸಿಗೋ, ಹೊರಗಿನ ಬಯಲಿಗೋ ಬನ್ನಿ. ಹೆಚ್ಚಿನವರು ತಲೆ ಎತ್ತಿ ನೆತ್ತಿಯ ಮೇಲೆ ಹುಡುಕುತ್ತಾರೆ, ಕತ್ತು ನೋಯಿಸಿಕೊಂಡು ಒಳಗೆ ಹೋಗುತ್ತಾರೆ. ನೆತ್ತಿಯ ಮೇಲಿನ ಆಕಾಶ ಬಲು ಚಿಕ್ಕದು, ಕಟ್ಟಡಗಳ ಅಂಚಿನಿಂದ ಸ್ವಲ್ಪ ಮೇಲಿರುವ ಪಟ್ಟಿಯೇ ದೊಡ್ಡದು. ಸೂರ್ಯನಿಗೆ ಬೆನ್ನು ಹಾಕಿ, ದಿಗಂತದಿಂದ ಎರಡು ಗೇಣು ಮೇಲಿನವರೆಗೆ ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿ. ಮೊದಲು ಬರಿಗಣ್ಣಿನಲ್ಲಿ, ಆಮೇಲೆ ಬೈನಾಕ್ಯುಲರ್‌ನಲ್ಲಿ. ಅಚ್ಚ ನೀಲಿ ಆಕಾಶದಲ್ಲಿ ಕಣ್ಣಿಗೆ ಹಿಡಿತ ಸಿಗುವುದಿಲ್ಲ, ಎದುರಿಗಿರುವ ಚುಕ್ಕಿಯೂ ತಪ್ಪಿಹೋಗುತ್ತದೆ. ಹತ್ತಿಯ ಉಂಡೆಯಂಥ ಬಿಳಿ ಮೋಡಗಳಿದ್ದರೆ ಅವುಗಳ ಅಡಿಯನ್ನೇ ಹುಡುಕಿ. ಅಂಥ ಮೋಡ ಕಟ್ಟುವುದೇ ಏರುಗಾಳಿಯ ತುದಿಯಲ್ಲಿ. ಹಾಗಾಗಿ ಹಕ್ಕಿ ಅಲ್ಲೇ ಇರುವ ಸಂಭವ ಹೆಚ್ಚು, ಬಿಳಿ ಹಿನ್ನೆಲೆಯಲ್ಲಿ ಅದು ಎದ್ದೂ ಕಾಣುತ್ತದೆ. ಬೈನಾಕ್ಯುಲರ್ ಹಿಡಿದು ಸೂರ್ಯನ ದಿಕ್ಕಿಗೆ ಹೊರಳುವುದು ಮಾತ್ರ ಎಂದಿಗೂ ಬೇಡ. ಕ್ಷಣಮಾತ್ರ ಬಿದ್ದರೂ ಕಣ್ಣಿನ ಒಳಪರದೆ ಸುಟ್ಟುಹೋಗಬಹುದು, ಮತ್ತೆ ಸರಿಯಾಗದಂತೆ.

ಇಷ್ಟು ಎತ್ತರದಲ್ಲಿ ಬಣ್ಣ ನಂಬಬೇಡಿ, ಎಲ್ಲವೂ ಕಪ್ಪಾಗಿಯೇ ಕಾಣುತ್ತವೆ. ಆಕಾರ ನೋಡಿ. ಬಾಲದ ತುದಿ ನಡುವೆ ಕಚ್ಚಿದಂತಿದ್ದು, ತಿರುವಿನಲ್ಲಿ ಚುಕ್ಕಾಣಿಯಂತೆ ಹೊರಳುತ್ತಿದ್ದರೆ ಕರಿ ಹದ್ದು. ಬಾಲದ ತುದಿ ದುಂಡಾಗಿದ್ದರೆ ಗರುಡವಿರಬಹುದು, ಬಿಸಿಲು ಬಿದ್ದಾಗ ತಲೆ–ಎದೆಯ ಬಿಳಿ ಹೊಳೆದರೆ ಖಾತ್ರಿ. ಅಗಲ ರೆಕ್ಕೆಯ ತುದಿಯಲ್ಲಿ ಗರಿಗಳು ಬೆರಳಿನಂತೆ ಬಿಡಿಸಿಕೊಂಡಿದ್ದರೆ ಅದು ತೇಲುವ ಜಾತಿ. ರೆಕ್ಕೆ ಕಿರಿದಾಗಿ, ತುದಿ ಚೂಪಾಗಿ, ಬಡಿತ ಚುರುಕಾಗಿದ್ದರೆ ಡೇಗೆಗಳ (ಫಾಲ್ಕನ್) ಗುಂಪು. ಅದರಲ್ಲೂ ಪೆರಿಗ್ರಿನ್ ಡೇಗೆಗೆ ಎತ್ತರದ ಕಟ್ಟಡವೆಂದರೆ ಬಂಡೆಯ ಕಡಿದಾದ ಅಂಚಿದ್ದಂತೆ. ಎಷ್ಟೋ ನಗರಗಳಲ್ಲಿ ಅದು ಮಹಡಿಯ ಅಂಚುಗಳ ಮೇಲೆ ಕೂತು ಪಾರಿವಾಳ ಬೇಟೆಯಾಡುತ್ತದೆ. ತೇಲುವಾಗ ರೆಕ್ಕೆ ಮಟ್ಟಸವಾಗಿದೆಯೇ, ಮೇಲಕ್ಕೆ ಎತ್ತಿ ಹಿಡಿದಿದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಹೊಸಬರು ಬರೆಯಲು ಮರೆಯುವುದು ಇದನ್ನೇ, ಆಮೇಲೆ ಪುಸ್ತಕ ತೆರೆದಾಗ ಬೇಕಾಗುವುದೂ ಇದೇ. ಕಾಗೆಗಳು ಒಮ್ಮೆಲೇ ಕೂಗೆಬ್ಬಿಸಿ ಮೇಲೆದ್ದರೆ ಕೈಯಲ್ಲಿದ್ದುದನ್ನು ಬಿಟ್ಟು ತಲೆ ಎತ್ತಿ, ಬಹಳ ಸಲ ಯಾವುದೋ ಬೇಟೆಹಕ್ಕಿ ಹತ್ತಿರದಲ್ಲೇ ಇದೆ ಎಂದೇ ಇಟ್ಟುಕೊಳ್ಳಿ.

ಏಳನೇ ಮಹಡಿ ನಿಮಗೆ ದೊಡ್ಡ ಅನುಕೂಲ. ನೆಲದಲ್ಲಿ ನಿಂತವರಿಗೆ ಹಕ್ಕಿಯ ಹೊಟ್ಟೆ ಮಾತ್ರ ಕಂಡರೆ ನಿಮಗೆ ಅದರ ಬೆನ್ನು, ರೆಕ್ಕೆಯ ಮೇಲ್ಮೈ ಕಾಣುತ್ತದೆ. ಆದರೆ ಕಿಟಕಿಯ ಗಾಜಿನ ಮೂಲಕ ಬೈನಾಕ್ಯುಲರ್ ಹಿಡಿದರೆ ಚಿತ್ರ ಕದಡುವುದುಂಟು. ಗಾಜಿನ ದೋಷವೂ ಹತ್ತು ಪಟ್ಟು ಹಿಗ್ಗುತ್ತದೆ, ಓರೆಯಾಗಿ ನೋಡಿದರೆ ಒಂದೇ ಹಕ್ಕಿ ಎರಡಾಗುತ್ತದೆ. ಮುಂದಿನ ಮಸೂರಗಳನ್ನು ಗಾಜಿಗೆ ಬಹುತೇಕ ತಾಗಿಸಿ, ಗಾಜಿಗೆ ನೇರ ಲಂಬವಾಗಿ ಹಿಡಿಯಿರಿ. ಹತ್ತಿರದ ದೀಪ ಆರಿಸಿದರೆ ಪ್ರತಿಬಿಂಬವೂ ಹೋಗುತ್ತದೆ. ಒಂದು ವ್ಯಾವಹಾರಿಕ ಮಾತು: ಎದುರಿಗೆ ಜನವಸತಿ ಇದ್ದರೆ ಕಿಟಕಿಯಲ್ಲಿ ಬೈನಾಕ್ಯುಲರ್ ಎತ್ತಬೇಡಿ, ಆ ಕಡೆಯವರಿಗೆ ನಿಮ್ಮ ಹದ್ದು ಕಾಣುವುದಿಲ್ಲ, ನೀವು ಕಾಣುತ್ತೀರಿ. ತಾರಸಿಗೆ ಹೋಗುವ ಮುನ್ನ ಕಾವಲಿನವರಿಗೆ ಒಂದು ಮಾತು ಹೇಳಿಟ್ಟರೆ ಮುಂದಿನ ಹತ್ತು ಪ್ರಶ್ನೆ ತಪ್ಪುತ್ತದೆ.

ಗಾಜಿನ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. ಗಾಜಿನಲ್ಲಿ ಮೂಡಿದ ಆಕಾಶವನ್ನೇ ನಿಜವೆಂದು ನಂಬಿ ಹಕ್ಕಿಗಳು ಬಡಿದುಕೊಳ್ಳುತ್ತವೆ. ಬಿದ್ದ ಹಕ್ಕಿ ಜೀವಂತವಿದ್ದರೆ ಗಾಳಿಯಾಡುವ ರಂಧ್ರವಿರುವ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಇಡಿ, ಮುಚ್ಚಿ, ಸದ್ದಿಲ್ಲದ ಕತ್ತಲೆ ಜಾಗದಲ್ಲಿ ಒಂದು ಗಂಟೆ ಬಿಡಿ. ನೀರು ಕುಡಿಸಬೇಡಿ, ಅದು ಶ್ವಾಸನಾಳಕ್ಕೆ ಇಳಿದರೆ ಸಾವೇ ಗತಿ. ಚೇತರಿಸಿಕೊಂಡರೆ ಡಬ್ಬಿಯನ್ನು ಬಯಲಿಗೆ ಒಯ್ದು ತೆರೆಯಿರಿ, ಇಲ್ಲದಿದ್ದರೆ ವನ್ಯಜೀವಿ ರಕ್ಷಣೆಯವರಿಗೆ ಒಪ್ಪಿಸಿ. ಇನ್ನು ಗಾಜಿನ ಮೇಲೆ ಒಂದೇ ಒಂದು ಗಿಡುಗದ ಚಿತ್ರ ಅಂಟಿಸುವ ಪದ್ಧತಿ ಕೆಲಸಕ್ಕೆ ಬಾರದು, ಹಕ್ಕಿ ಅದರ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ ಅಷ್ಟೆ. ಚುಕ್ಕಿಗಳೋ ಗೆರೆಗಳೋ ಗಾಜಿನ ಹೊರಮೈ ಮೇಲೆ, ಅಡ್ಡಕ್ಕೂ ಉದ್ದಕ್ಕೂ 5 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಿಡದಂತೆ, ಇಡೀ ಗಾಜಿಗೆ ಇರಬೇಕು.

ಬೆಳಗಿನ ಹೊತ್ತಿಗೆ ಬರೋಣ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಹಾಡು ಶುರುವಾಗಿರುತ್ತದೆ, ಹುಟ್ಟಿದ ಮೇಲಿನ ಎರಡು–ಮೂರು ಗಂಟೆ ಹಕ್ಕಿಗಳು ಹೊಟ್ಟೆಪಾಡಿಗೆ ಓಡಾಡುತ್ತವೆ. ಎಂಟೂವರೆಗೆ ಹೊರಡುವ ನಿಮಗೆ ಇದರಲ್ಲಿ ಸಾಕಷ್ಟು ಪಾಲಿದೆ. ಇಲ್ಲಿ ಎಡವುವುದು ಅತ್ಯುತ್ಸಾಹದಿಂದ. ನಾಳೆಯಿಂದ ದಿನವೂ ನಾಲ್ಕೂವರೆಗೆ ಏಳುತ್ತೇನೆ ಎಂದವರು ಸಾಮಾನ್ಯವಾಗಿ ವಾರ ದಾಟುವುದಿಲ್ಲ. ವಾರಕ್ಕೆ ಎರಡೇ ದಿನ ಗೊತ್ತು ಮಾಡಿ, ಮಂಗಳವಾರ–ಶುಕ್ರವಾರ ಅನ್ನಿ, ಇಪ್ಪತ್ತೇ ನಿಮಿಷ. ನಡೆಯಬೇಡಿ, ಒಂದು ಮರದ ಬಳಿ ಅಥವಾ ಖಾಲಿ ನಿವೇಶನದ ಅಂಚಿನಲ್ಲಿ ನಿಲ್ಲಿ. ಅಲುಗಾಡದೆ ಐದಾರು ನಿಮಿಷ ನಿಂತ ಮೇಲಷ್ಟೇ ಹಕ್ಕಿಗಳು ನಿಮ್ಮನ್ನು ಮರೆತು ತಮ್ಮ ಕೆಲಸಕ್ಕೆ ಮರಳುತ್ತವೆ. ಪೂರ್ವಕ್ಕೆ ಬೆನ್ನು ಹಾಕಿ, ಪಶ್ಚಿಮಕ್ಕೆ ಮುಖ ಮಾಡಿ. ಆಗ ಬೆಳಕು ಹಕ್ಕಿಯ ಮೇಲೆ ಬೀಳುತ್ತದೆ. ಪೂರ್ವಕ್ಕೆ ತಿರುಗಿ ನಿಂತವರು ಮನೆಗೆ ಒಯ್ಯುವುದು ಕಪ್ಪು ನೆರಳುಗಳನ್ನು ಮಾತ್ರ.

ಆ ಹೊತ್ತಿನಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ಸಿಗುತ್ತದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಎಂಬ ಉಚಿತ ಆ್ಯಪ್‌ಗೆ 2021ರಲ್ಲಿ ದನಿಯಿಂದ ಹಕ್ಕಿ ಗುರುತಿಸುವ ಸೌಲಭ್ಯ ಸೇರಿತು. ನಿಮ್ಮ ಪ್ರದೇಶದ ಹಕ್ಕಿಗಳ ಕಂತೆಯನ್ನು ಮೊದಲೇ ಇಳಿಸಿಕೊಳ್ಳಿ, ಫೋನನ್ನು ಜೇಬಿನಿಂದ ಹೊರತೆಗೆದು ಮೈಕನ್ನು ದನಿಯತ್ತ ಹಿಡಿಯಿರಿ. ಅದು ತೋರಿಸುವ ಹೆಸರನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ಕಾಜಾಣದಂಥ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ಅಣಕಿಸುತ್ತದೆ. ಆ್ಯಪ್ ಮೋಸಹೋಗುತ್ತದೆ, ನಿಮ್ಮ ಪಟ್ಟಿಗೆ ಇಲ್ಲದ ಹಕ್ಕಿಯೊಂದು ಸೇರುತ್ತದೆ. ಹೆಸರು ಮೂಡಿದೊಡನೆ ತೆರೆ ನೋಡುತ್ತ ನಿಲ್ಲದೆ, ದನಿ ಬಂದ ಕೊಂಬೆಯಲ್ಲಿ ಹಕ್ಕಿಯನ್ನು ಹುಡುಕಿ ತಾಳೆ ನೋಡಿ. ವಾರಕ್ಕೆ ಒಂದೇ ದನಿ ಗಟ್ಟಿಯಾಗಿ ಕಲಿತರೆ ಸಾಕು, ವರ್ಷಕ್ಕೆ ಐವತ್ತಾಯಿತು.

ಸಂಜೆಯ ವಿಷಯ ಚಿಕ್ಕದು. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲಿನಿಂದ ಬೆಳ್ಳಕ್ಕಿ, ಗೊರವಂಕ, ಗಿಳಿ, ಕಾಗೆಗಳು ತಂಗುಮರಗಳತ್ತ ಸಾಲುಗಟ್ಟಿ ಹೋಗುತ್ತವೆ, ದಿನವೂ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ. ಕಿಟಕಿಯಿಂದ ಆ ದಾರಿ ಯಾವುದೆಂದು ಗುರುತಿಸಿಟ್ಟುಕೊಂಡರೆ ಕಾಫಿಗೆ ಏಳುವ ಸಮಯವನ್ನು ಅದಕ್ಕೆ ಹೊಂದಿಸಬಹುದು. ಕೀಟ ಹಿಡಿಯುತ್ತ ಸುಳಿಯುವ ಸಣ್ಣ ಹಕ್ಕಿಗಳಲ್ಲಿ ರೆಕ್ಕೆ ಕುಡುಗೋಲಿನಂತೆ ಬಾಗಿದ್ದರೆ ಬಾನಾಡಿ (ಸ್ವಿಫ್ಟ್). ಅದು ತಂತಿಯ ಮೇಲೆ ಕೂರುವುದೇ ಇಲ್ಲ, ಕೂತದ್ದು ಕಂಡರೆ ಕವಲುತೋಕೆ (ಸ್ವಾಲೋ) ಇರಬಹುದು. ಯುರೋಪಿನ ಬಾನಾಡಿಗಳ ಮೈಗೆ ಪುಟ್ಟ ದಾಖಲೆಯಂತ್ರ ಕಟ್ಟಿ ನೋಡಿದಾಗ ಕೆಲವು ಹಕ್ಕಿಗಳು ಹತ್ತು ತಿಂಗಳು ನೆಲಕ್ಕೇ ಇಳಿದಿರಲಿಲ್ಲ ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದರು. ಕಂಪ್ಯೂಟರಿನ ಮುಂದೆ ಕೂತವರಿಗೆ ಇದನ್ನು ಓದಿ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ.

ಈಗ ಮುಖ್ಯ ಕೆಲಸ. ಸುಮ್ಮನೆ ನೋಡಿದರೆ ಮೂರು ವಾರದಲ್ಲಿ ‘ಅದೇ ಕಾಗೆ, ಅದೇ ಪಾರಿವಾಳ’ ಅನ್ನಿಸಿ ಮತ್ತೆ ಕಾಡಿನ ಕನಸು ಕಾಡುತ್ತದೆ. ಎಣಿಸಿ. ಒಂದೇ ಜಾಗ, ಒಂದೇ ಸಮಯ, ಹತ್ತು ನಿಮಿಷ. ಕಂಡ, ಕೇಳಿದ, ನೀವು ಗುರುತಿಸಬಲ್ಲ ಪ್ರತಿಯೊಂದು ಜಾತಿಯ ಹೆಸರು ಮತ್ತು ಸಂಖ್ಯೆ ಬರೆಯಿರಿ. ಕಾರ್ನೆಲ್ ಪ್ರಯೋಗಾಲಯವೂ ಅಮೆರಿಕದ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಔಡಬಾನ್ ಸೊಸೈಟಿಯೂ ಸೇರಿ 2002ರಲ್ಲಿ ಶುರುಮಾಡಿದ ಇಬರ್ಡ್ ಜಾಲತಾಣಕ್ಕೆ ಇದನ್ನು ಕಳಿಸಬಹುದು. 30 ಮೀಟರಿನೊಳಗೇ ಇದ್ದು ಎಣಿಸಿದ್ದನ್ನು ಅಲ್ಲಿ ‘ನಿಂತ ಜಾಗದ ಎಣಿಕೆ’ ಎಂದು ದಾಖಲಿಸಬೇಕು. ಕೊನೆಯಲ್ಲಿ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ‘ಹೌದು’ ಎನ್ನುವಂತೆ ಎಣಿಸುವುದೇ ಇಲ್ಲಿನ ಗುಟ್ಟು. ಕಾಗೆಯನ್ನು ಬಿಟ್ಟು ಅಪರೂಪದ್ದನ್ನಷ್ಟೇ ಬರೆದರೆ ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಎಲ್ಲವನ್ನೂ ಬರೆದಾಗ ಮಾತ್ರ, ಇಲ್ಲದ ಹಕ್ಕಿಯೂ ಒಂದು ಮಾಹಿತಿಯಾಗುತ್ತದೆ.

ಎಣಿಕೆಯಲ್ಲಿ ಆಗುವ ತಪ್ಪುಗಳು ಗೊತ್ತಿರುವಂಥವೇ. ಸುತ್ತು ಹಾಕುವ ಪಾರಿವಾಳದ ಹಿಂಡನ್ನು ಬಂದಾಗಲೆಲ್ಲ ಕೂಡಿಸುವುದು ಒಂದು. ಹತ್ತು ನಿಮಿಷದಲ್ಲಿ ಒಮ್ಮೆಗೆ ಕಂಡ ಅತಿ ದೊಡ್ಡ ಸಂಖ್ಯೆಯನ್ನೇ ಹಿಡಿಯಿರಿ. ದೊಡ್ಡ ಹಿಂಡಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ತುಂಬಿದೆ ಎಂದು ಕಣ್ಣಳತೆ ಮಾಡಿ, ಅಂಥ ತುಂಡು ಎಷ್ಟಿವೆ ಎಂದು ಲೆಕ್ಕ ಹಾಕಿ. ಏನೂ ಕಾಣದ ದಿನ ಬರೆಯದೆ ಬಿಡುವುದು ಇನ್ನೊಂದು ತಪ್ಪು, ಖಾಲಿ ದಿನವನ್ನೂ ಬರೆಯಿರಿ. ಗುರುತು ಸಿಗದ್ದನ್ನು ಊಹೆಯಿಂದ ತುಂಬಬೇಡಿ. ‘ಗೊರವಂಕದಷ್ಟು ಗಾತ್ರ, ಉದ್ದ ಬಾಲ, ಕೊಕ್ಕು ದಪ್ಪ, ಬಾಲ ಕುಣಿಸುತ್ತಿತ್ತು, ತಂತಿಯಿಂದ ಹಾರಿ ಕೀಟ ಹಿಡಿದು ಅಲ್ಲಿಗೇ ಮರಳಿತು’ ಎಂದು ಗಾತ್ರ, ಆಕಾರ, ನಡವಳಿಕೆ, ಆಮೇಲೆ ಬಣ್ಣ, ಈ ಕ್ರಮದಲ್ಲಿ ಗೀಚಿಡಿ. ಬಣ್ಣವನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ: ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ, ಕೊಕ್ಕಿನ ಆಕಾರ ಬದಲಾಗುವುದಿಲ್ಲ.

ಮೂರು ತಿಂಗಳಾಗುವಷ್ಟರಲ್ಲಿ ಪಟ್ಟಿ ಮಾತಾಡತೊಡಗುತ್ತದೆ. ಹದ್ದು ಕಡ್ಡಿ ಕಚ್ಚಿಕೊಂಡು ಒಂದೇ ದಿಕ್ಕಿಗೆ ಹೋಗುತ್ತಿದೆ ಎಂದರೆ ಆ ಕಡೆ ಗೂಡಿದೆ. ವಲಸೆ ಹಕ್ಕಿ ಮೊದಲು ಕಂಡ ದಿನ, ಕೊನೆಯದಾಗಿ ಕಂಡ ದಿನ ನಿಮ್ಮ ಬಳಿ ಬರಹದಲ್ಲಿರುತ್ತದೆ. ಇದು ಸಣ್ಣ ಕೆಲಸ ಎನ್ನಿಸಿದರೆ ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ ಅವರನ್ನು ನೆನೆಯಿರಿ. ರಾಬಿನ್ ಹಕ್ಕಿಯ ಬದುಕಿನ ಬಗ್ಗೆ ಅವರು ಅಧ್ಯಯನ ಮಾಡಿದ್ದು 1930ರ ದಶಕದಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಶಾಲಾ ಮೇಷ್ಟರಾಗಿದ್ದಾಗ, ಕೆಲಸದ ಜಾಗದ ಆಸುಪಾಸಿನ ಹಕ್ಕಿಗಳ ಕಾಲಿಗೇ ಬಣ್ಣದ ಉಂಗುರ ತೊಡಿಸಿ. ಪ್ರತಿ ಫೆಬ್ರುವರಿ ನಡುವೆ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಿಮ್ಮಂಥವರಿಗೆ ಹೇಳಿಮಾಡಿಸಿದ್ದು. 1998ರಲ್ಲಿ ಶುರುವಾದ ಈ ಎಣಿಕೆಗೆ ಬೇಕಾದದ್ದು ಕನಿಷ್ಠ 15 ನಿಮಿಷ. ಸಹೋದ್ಯೋಗಿಗಳಲ್ಲಿ ಒಬ್ಬರನ್ನಾದರೂ ಎಳೆದು ತರಲು ಅದೇ ಸರಿಯಾದ ನೆಪ.

ರಜೆಯ ಲೆಕ್ಕವನ್ನೂ ತಿರುಗಿಸಿ ಹಾಕಿ. ಇಡೀ ದಿನದ ರಜೆಯಲ್ಲಿ ನಿಮಗೆ ಸಿಗುವ ಒಳ್ಳೆಯ ಹೊತ್ತು ಮೊದಲ ಮೂರು ಗಂಟೆ ಮಾತ್ರ, ಉಳಿದದ್ದು ಬಿಸಿಲು ಮತ್ತು ಪ್ರಯಾಣ. ಅರ್ಧ ದಿನದ ರಜೆಗೆ ಅವಕಾಶವಿದ್ದರೆ ಐದು ರಜೆ ಹತ್ತು ಮುಂಜಾವುಗಳಾಗುತ್ತವೆ. ಅವನ್ನು ವರ್ಷಪೂರ್ತಿ ಚೆಲ್ಲದೆ ವಲಸೆಯ ಎರಡು ಕಾಲಕ್ಕೆ ಗಂಟು ಕಟ್ಟಿಡಿ. ಭೂಮಿಯ ಉತ್ತರಾರ್ಧದಲ್ಲಿ ಅದು ಸ್ಥೂಲವಾಗಿ ಮಾರ್ಚ್‌ನಿಂದ ಮೇ, ಆಗಸ್ಟ್‌ನಿಂದ ನವೆಂಬರ್. ದಿನಾಂಕ ಮೊದಲೇ ಗೊತ್ತುಮಾಡಲು ಆಗದಿದ್ದರೆ ರಾತ್ರಿ ಮಳೆ ಬಂದು ಬೆಳಿಗ್ಗೆ ನಿಂತ ದಿನಗಳನ್ನು ಆರಿಸಿ; ಹಾರುತ್ತಿದ್ದ ವಲಸಿಗರನ್ನು ಮಳೆ ಕೆಳಗಿಳಿಸಿರುತ್ತದೆ. ಇಂಥ ದಿನ ದೂರದ ಕಾಡಿಗಿಂತ ಹತ್ತಿರದ ಕೆರೆ ಮೇಲು. ನೀರಿದ್ದಲ್ಲಿ ಹಕ್ಕಿ ಬಯಲಲ್ಲಿ ಕಾಣಿಸುತ್ತದೆ, ಕಾಡಿನಲ್ಲಿ ಅದೇ ಹೊತ್ತು ಎಲೆಗಳ ಮಧ್ಯೆ ಕಳೆದುಹೋಗುತ್ತದೆ.

ಮೇಜಿನ ಮುಂದೆ ಮನಸ್ಸು ನಿಲ್ಲದಿರುವ ಬಗ್ಗೆ ಕೇಳಿದ್ದೀರಿ. ಕಿಟಕಿಯಾಚೆ ಕಂಡದ್ದನ್ನು ತಡೆಹಿಡಿದರೆ ಅದು ಅರ್ಧ ಗಂಟೆ ತಿನ್ನುತ್ತದೆ. ಚೀಟಿಯ ಮೇಲೆ ಸಮಯ ಮತ್ತು ಎರಡು ಪದ, ‘11.10, ಉದ್ದ ಬಾಲ’, ಎಂದು ಬರೆದಿಟ್ಟರೆ ಸಾಮಾನ್ಯವಾಗಿ ಬಿಡುತ್ತದೆ, ಬಾಕಿ ಊಟದ ಬಿಡುವಿಗೆ. ತೆರೆ ನೋಡುವವರಿಗೆ ಕಣ್ಣಿನ ವೈದ್ಯರು ಹೇಳುವ 20ರ ಲೆಕ್ಕವೂ ನಿಮ್ಮ ಪರವಾಗಿದೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡು ನೋಡಿ. ಆ 20 ಸೆಕೆಂಡು ಆಕಾಶಕ್ಕಿರಲಿ. ಹಕ್ಕಿ ಕಂಡ ಅಥವಾ ಕೇಳಿದ ಮೇಲೆ ಮನಸ್ಸು ಹಗುರವಾಗುವುದು ಎಂಟು ಗಂಟೆಯವರೆಗೂ ಉಳಿಯಬಹುದೆಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ 2022ರ ಅಧ್ಯಯನವೊಂದು ಹೇಳಿತು. ಎಂಟು ಗಂಟೆ ಎಂದರೆ ಒಂದು ಪಾಳಿ. ಫೋನಿನಲ್ಲಿ ಬೇರೆಯವರು ತೆಗೆದ ಹಕ್ಕಿಗಳ ಫೋಟೊ ಉರುಳಿಸುವುದಕ್ಕೆ ಈ ಮಾತು ಹೊಂದುವುದಿಲ್ಲ. ಅದು ಹಂಬಲವನ್ನು ಕೆದಕುತ್ತದೆ, ತಣಿಸುವುದಿಲ್ಲ.

ಕೊನೆಯದಾಗಿ ಬೀರುವಿನಲ್ಲಿರುವ ನಿಮ್ಮ 10×50. ಕೆಟ್ಟ ಆಯ್ಕೆಯೇನಲ್ಲ, ಆದರೆ ಈ ಬಳಕೆಗೆ ಭಾರ. ಮುಕ್ಕಾಲು ಕಿಲೋಗಿಂತ ಹೆಚ್ಚೇ ತೂಗುತ್ತದೆ. ಹತ್ತು ಪಟ್ಟು ಹಿಗ್ಗಿಸುವಾಗ ಕೈನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ. ಮೊಣಕೈ ಎದೆಗೆ ಒತ್ತಿ, ಬೆನ್ನನ್ನು ಗೋಡೆಗೆ ಆನಿಸಿ ನಿಂತರೆ ಸಾಕಷ್ಟು ಸ್ಥಿರವಾಗುತ್ತದೆ. ಮುಂದೆ ಬದಲಾಯಿಸುವಾಗ 8×32 ನೋಡಿ, ಅರ್ಧ ಕಿಲೋ ಆಸುಪಾಸು, ಕಚೇರಿಯ ಚೀಲದಲ್ಲಿ ದಿನವೂ ಕೂರುತ್ತದೆ. ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಮಿಲಿಮೀಟರಿನಲ್ಲಿ ಸಿಗುತ್ತದೆ. 8×32ಕ್ಕೆ 4, ಹಗಲಿಗೆ ಧಾರಾಳ. 10×25ಕ್ಕೆ ಎರಡೂವರೆ, ಮುಸ್ಸಂಜೆಗೆ ಸಾಲದು.

ಬೈನಾಕ್ಯುಲರನ್ನು ಒಮ್ಮೆ ನಿಮ್ಮ ಕಣ್ಣಿಗೆ ಹೊಂದಿಸಬೇಕು. ಕನ್ನಡಕವಿದ್ದರೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ಇಳಿಸಿ, ಇಲ್ಲದಿದ್ದರೆ ಹೊರಕ್ಕೆ ಎಳೆಯಿರಿ. ಎರಡು ನಳಿಗೆಗಳನ್ನು ಮಡಚುತ್ತ, ಎರಡು ವೃತ್ತಗಳು ಸೇರಿ ಒಂದೇ ವೃತ್ತವಾಗುವವರೆಗೆ ಹೊಂದಿಸಿ. ಆಮೇಲೆ ಬಲ ಮಸೂರ ಮುಚ್ಚಿ, ದೂರದ ಒಂದು ಫಲಕದ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವಂತೆ ನಡುವಿನ ಚಕ್ರ ತಿರುಗಿಸಿ. ಈಗ ಎಡ ಮಸೂರ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಕಡೆ ಇರುವ ಉಂಗುರ ತಿರುಗಿಸಿ ಅದೇ ಅಕ್ಷರ ಸ್ಪಷ್ಟಗೊಳಿಸಿ. ಉಂಗುರ ಎಲ್ಲಿ ನಿಂತಿತೆಂದು ಗುರುತು ಹಾಕಿಡಿ, ಇನ್ನು ಮುಂದೆ ಚಕ್ರ ಮಾತ್ರ ಸಾಕು. ನೋಡಿ ತಲೆನೋವು ಬರುತ್ತದೆ ಎನ್ನುವವರಲ್ಲಿ ಬಹಳ ಮಂದಿ ಈ ಉಂಗುರವನ್ನು ಮುಟ್ಟಿಯೇ ಇರುವುದಿಲ್ಲ. ಹಕ್ಕಿ ಕಂಡಾಗ ಅದರ ಮೇಲಿಂದ ಕಣ್ಣು ಕೀಳದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ತಲೆ ತಗ್ಗಿಸಿ ಮತ್ತೆ ಎತ್ತಿದರೆ ಹಕ್ಕಿ ಕಳೆದುಹೋಯಿತು. ಮೊದಲು ಅಲುಗದ ಎಲೆ, ತಂತಿಯ ಗಂಟುಗಳ ಮೇಲೆ ದಿನಕ್ಕೆ ಇಪ್ಪತ್ತು ಸಲ ಅಭ್ಯಾಸ ಮಾಡಿ.

ಆದರೆ ಅದು ಬೀರುವಿನಲ್ಲೇ ಕೂತಿದೆ ಎಂದಿದ್ದೀರಿ, ಹಾಗಾಗಿ ಇವತ್ತೇ ಒಂದು ಪರೀಕ್ಷೆ ಆಗಬೇಕು. ದೊಡ್ಡ ಮಸೂರದ ಕಡೆಯಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಶಿಲೀಂಧ್ರ, ಅಂದರೆ ಬೂಸ್ಟು; ತೇವದ ಕತ್ತಲಲ್ಲಿ ಬೆಳೆಯುತ್ತದೆ, ಮಸೂರದ ಲೇಪವನ್ನು ತಿನ್ನುತ್ತದೆ. ನೀವೇ ಬಿಚ್ಚಲು ಹೋಗಬೇಡಿ, ಒಳಗಿನ ಪಟ್ಟಕಗಳ ಜೋಡಣೆ ಕೂದಲೆಳೆಯಷ್ಟು ತಪ್ಪಿದರೂ ಎರಡು ಚಿತ್ರ ಕಾಣತೊಡಗುತ್ತದೆ. ಕ್ಯಾಮೆರಾ, ಮಸೂರ ದುರಸ್ತಿ ಮಾಡುವವರಿಗೆ ಕೊಡಿ. ಸ್ವಚ್ಛವಾಗಿದ್ದರೆ ಮೇಲಿನ ಧೂಳನ್ನು ಮೊದಲು ಊದುಬುಗ್ಗೆಯಿಂದ ಹಾರಿಸಿ, ಆಮೇಲಷ್ಟೇ ಮಸೂರದ ಬಟ್ಟೆ ಆಡಿಸಿ. ಧೂಳಿರುವಾಗಲೇ ಉಜ್ಜಿದರೆ ಗೀರು ಬೀಳುತ್ತದೆ. ಮತ್ತೆ ಬೀರುವಿಗೆ ಸೇರಿಸಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಕಚೇರಿಯ ಮೇಜಿನ ಕೆಳಗಿನ ಖಾನೆಯಲ್ಲಿಡಿ.